ಶಾಲೆಯ ಕಾಯ್ದೆಯಲ್ಲಿ ಊರಿನ ದನಿ

ಮಕ್ಕಳನ್ನು ಶಾಲೆಗೆ ಕಳಿಸುವುದು ಊರಿನ ಕೆಲಸ; ಶಾಲೆಗೆ ಕಾಯ್ದೆ ಮಾಡುವುದು ರಾಜಧಾನಿಯ ಕೆಲಸ. ಇವೆರಡರ ನಡುವೆ ನಿಂತು ಮಾತನಾಡುವವರು ಯಾರು? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯಲ್ಲಿ ಈ ಪ್ರಶ್ನೆಗೆ ನೂರು ವರ್ಷ ಮೀರಿದ ಇತಿಹಾಸವಿದೆ.

ಇಂದು ಐದೂ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿವೆ. ಆದರೆ ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದರೆ, ರಾಯಬಾಗ ಕೊಲ್ಲಾಪುರ ಸಂಸ್ಥಾನದ ಭಾಗವಾಗಿತ್ತು. ಕೊಲ್ಲಾಪುರದ ಶಾಹು ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯ ಮಾಡಿದರು. 1919ರಲ್ಲಿ ಅಸ್ಪೃಶ್ಯ ಮಕ್ಕಳ ಪ್ರತ್ಯೇಕ ಶಾಲೆಗಳನ್ನು ಮುಚ್ಚಿ, ಎಲ್ಲರನ್ನೂ ಒಂದೇ ಶಾಲೆಯಲ್ಲಿ ಕೂರಿಸಲು ಆಜ್ಞೆ ಹೊರಡಿಸಿದರು. ಅಲ್ಲಿ ಅರಸನ ಮಾತೇ ಕಾಯ್ದೆ.

ಪಕ್ಕದ ಬ್ರಿಟಿಷ್ ಸೀಮೆಯ ದಾರಿ ಬೇರೆ. ಕಡ್ಡಾಯ ಶಿಕ್ಷಣಕ್ಕಾಗಿ ಗೋಖಲೆಯವರು 1911ರಲ್ಲಿ ಮಂಡಿಸಿದ ಮಸೂದೆ ಮರುವರ್ಷ ಬಿದ್ದುಹೋಯಿತು. ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಬಂದ 1918ರ ಮುಂಬಯಿ ಕಾಯ್ದೆ, ಬಯಸಿದ ಪುರಸಭೆಗಳು ತಮ್ಮ ಊರಿನಲ್ಲಿ ಶಿಕ್ಷಣವನ್ನು ಕಡ್ಡಾಯ ಮಾಡಬಹುದೆಂದಿತು. 1923ರಲ್ಲಿ ಪರಾಂಜಪೆಯವರು ಶಿಕ್ಷಣ ಮಂತ್ರಿಯಾಗಿದ್ದಾಗ ಬಂದ ಕಾಯ್ದೆ, ಪ್ರಾಥಮಿಕ ಶಾಲೆಗಳ ಆಡಳಿತವನ್ನು ಜಿಲ್ಲಾ ಲೋಕಲ್ ಬೋರ್ಡುಗಳಿಗೂ ದೊಡ್ಡ ಪುರಸಭೆಗಳಿಗೂ ವಹಿಸಿತು. ಅವುಗಳ ಕೈಕೆಳಗೆ ಹುಟ್ಟಿದ್ದೇ ಸ್ಕೂಲ್ ಬೋರ್ಡ್.

ಬೋರ್ಡಿನ ಸದಸ್ಯರ ಕಷ್ಟ ಹಣದ್ದು. ಶಿಕ್ಷಣ ಕಡ್ಡಾಯವೆಂದರೆ ಹೊಸ ಶಾಲೆ, ಹೊಸ ಮಾಸ್ತರರು ಬೇಕು. ಹೆಚ್ಚುವರಿ ಖರ್ಚಿನಲ್ಲಿ ಲೋಕಲ್ ಬೋರ್ಡಿಗೆ ಮೂರರಲ್ಲಿ ಎರಡು ಪಾಲು, ಪುರಸಭೆಗೆ ಅರ್ಧ ಪಾಲು ಸರ್ಕಾರ ಕೊಡಬೇಕೆಂದು ಕಾಯ್ದೆ ಹೇಳಿತ್ತು. ಉಳಿದದ್ದನ್ನು ಊರವರ ಮೇಲಿನ ತೆರಿಗೆಯಿಂದಲೇ ತರಬೇಕು. ತೆರಿಗೆ ಹಾಕಿದವನಿಗೆ ಮತ್ತೆ ವೋಟು ಬೀಳುವುದು ಕಷ್ಟ. 1930ರ ದಶಕದ ಮುಗ್ಗಟ್ಟಿನಲ್ಲಿ ಸರ್ಕಾರದ ಕೈಯೂ ಬಿಗಿಯಾಯಿತು. ಅಧಿಕಾರ ಊರಿಗೆ, ಹಣ ಮಾತ್ರ ಮುಂಬಯಿಯಲ್ಲಿ ಎಂಬಂತಾಯಿತು.

1938ರ ತಿದ್ದುಪಡಿ ಬೋರ್ಡಿನ ಕೈಯಿಂದ ಬಹಳಷ್ಟನ್ನು ಹಿಂದಕ್ಕೆ ಪಡೆದು, ಸರ್ಕಾರ ನೇಮಿಸುವ ಆಡಳಿತಾಧಿಕಾರಿಗೆ ಕೊಟ್ಟಿತು. 1947ರ ಕಾಯ್ದೆ ಅದೇ ದಿಕ್ಕಿನಲ್ಲಿ ಇನ್ನಷ್ಟು ನಡೆಯಿತು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಮೈಸೂರಿನ ಕಡ್ಡಾಯ ಶಿಕ್ಷಣ ಕಾಯ್ದೆ, 1995ರಲ್ಲಿ ಕರ್ನಾಟಕ ಶಿಕ್ಷಣ ಕಾಯ್ದೆ ಜಾರಿಗೆ ಬಂದವು. ಸ್ಕೂಲ್ ಬೋರ್ಡ್ ನೆನಪಾಗಿ ಉಳಿಯಿತು.

ಅದರ ಜಾಗಕ್ಕೆ ಇಂದು ಬಂದಿರುವುದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. 2001ರ ಸರ್ಕಾರಿ ಆದೇಶದಿಂದ ರೂಪುಗೊಂಡ ಈ ಸಮಿತಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಬಲ ಕೊಟ್ಟಿತು. ಅದರ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನದ ಮೇಲೆ ಕಣ್ಣಿಡುವುದು ಇದರ ಕೆಲಸ. ತೆರಿಗೆ ಹಾಕುವ, ಮಾಸ್ತರರನ್ನು ನೇಮಿಸುವ ಅಧಿಕಾರ ಇದಕ್ಕಿಲ್ಲ.

ಹಾಗಾದರೆ ಇವರ ಮಾತು ವಿಧಾನಸೌಧ ಮುಟ್ಟುವುದು ಹೇಗೆ? ಒಂದು ದಾರಿ ಸಂಘಟನೆ. ಎಸ್‌ಡಿಎಂಸಿಗಳ ಸಮನ್ವಯ ವೇದಿಕೆ ಶಿಕ್ಷಣ ಹಕ್ಕು ಕಾಯ್ದೆಯ ಪೂರ್ಣ ಜಾರಿಗಾಗಿ, ಸರ್ಕಾರಿ ಶಾಲೆಗಳ ಬಲವರ್ಧನೆಗಾಗಿ ರಾಜ್ಯಮಟ್ಟದಲ್ಲಿ ಒತ್ತಾಯಿಸುತ್ತ ಬಂದಿದೆ. ಇನ್ನೊಂದು ದಾರಿ ವಿಧಾನ ಪರಿಷತ್ತು. ಗ್ರಾಮ ಪಂಚಾಯಿತಿ ಸದಸ್ಯರು ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಮತದಾರರು. ಪ್ರೌಢಶಾಲೆ ಮತ್ತು ಮೇಲಿನ ಹಂತದ ಅರ್ಹ ಶಿಕ್ಷಕರಿಗೂ ತಮ್ಮದೇ ಕ್ಷೇತ್ರವಿದೆ. ಆದರೆ ಪ್ರಾಥಮಿಕ ಶಾಲೆಯ ಮಾಸ್ತರರಿಗೆ ಅಲ್ಲಿ ಮತವಿಲ್ಲ; ಎಸ್‌ಡಿಎಂಸಿಗೂ ಇಲ್ಲ.

ಈ ಸೀಮೆಗೆ ಇದು ಸಣ್ಣ ಸಂಗತಿಯಲ್ಲ. ರಾಯಬಾಗ, ಅಥಣಿ ಕಡೆ ಹೊಲದಲ್ಲೇ ಮನೆ ಕಟ್ಟಿಕೊಂಡ ಕುಟುಂಬಗಳ ಮಕ್ಕಳಿಗೆ ‘ತೋಟದ ಶಾಲೆ’ಗಳೇ ಆಸರೆ. ಐದನೆಯ ತರಗತಿವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕೆಂದು ರಾಜ್ಯದ ನಿಯಮ ಹೇಳುತ್ತದೆ. ಮಕ್ಕಳು ಕಡಿಮೆ ಎಂದು ಇಂಥ ಶಾಲೆಯನ್ನು ಬೇರೊಂದಕ್ಕೆ ಸೇರಿಸಿದರೆ, ಕಬ್ಬಿನ ಗದ್ದೆಯ ನಡುವೆ ನಡೆಯಬೇಕಾದವಳು ಆರು ವರ್ಷದ ಹುಡುಗಿ. ನಿಪ್ಪಾಣಿಯಂಥ ಗಡಿ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಶಾಲೆಗಳ ಅಳತೆಯೂ ಒಂದೇ ಆಗಿರಲಾರದು.

ನೂರು ವರ್ಷದ ಹಿಂದೆ ಬೋರ್ಡಿನ ಸದಸ್ಯನಿಗೆ ಅಧಿಕಾರವಿತ್ತು, ಹಣವಿರಲಿಲ್ಲ. ಇಂದಿನ ಸದಸ್ಯೆಗೆ ಎರಡೂ ಕಡಿಮೆ. ಆದರೆ ಮಗುವಿನ ಹಕ್ಕು ಕಾಯ್ದೆಯಲ್ಲೇ ಬರೆದಿದೆ. ಅದನ್ನು ತೋರಿಸಿ ಕೇಳುವ ಕೆಲಸ ಶಾಲೆಯ ಸಭೆಯಿಂದಲೇ ಶುರುವಾಗಬೇಕು. ಆ ಸಭೆಗೆ ಪೋಷಕರು ತಪ್ಪದೆ ಹೋಗಬೇಕಾದ ಕಾರಣವೂ ಇದೇ.