ಮಾತು ಬಾರದ ಕೂಸಿನ ನೋವು ಗೊತ್ತಾಗೋದು ಹೇಗೆ?

ಹರವೆಯಿಂದ ಮಾತಾಡ್ತಾ ಇದ್ದೀನಿ. ನನ್ನ ಮಗಳಿಗೆ ಒಂಬತ್ತು ವರ್ಷ. ಸೆರೆಬ್ರಲ್ ಪಾಲ್ಸಿ ಇದೆ, ಮಾತಿಲ್ಲ, ನಡೆಯೋದಿಲ್ಲ. ಮೈಸೂರಿನಲ್ಲಿ ಅವಳಿಗೆ ಸೊಂಟದ ಕೀಲಿನ ದೊಡ್ಡ ಆಪರೇಷನ್ ಆಯ್ತು. ಆಪರೇಷನ್ ವಿಷಯ ಡಾಕ್ಟ್ರು ಹೇಳ್ತಾರೆ. ಮನೆಗೆ ಬಂದ ಮೇಲಿನ ವಾರಗಳ ವಿಷಯ ನಾನು ಹೇಳ್ತೀನಿ.

ಮೊದಲು ಆಪರೇಷನ್ ಯಾಕೆ ಬೇಕಾಯ್ತು ಅನ್ನೋದು. ಈ ಮಕ್ಕಳ ತೊಡೆಯ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಆ ಎಳೆತಕ್ಕೆ ತೊಡೆಮೂಳೆಯ ತಲೆ ತನ್ನ ಗುಂಡಿಯಿಂದ ನಿಧಾನವಾಗಿ ಹೊರಗೆ ಜಾರುತ್ತದೆ. ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ನಡೆಯಲಾರದ ಮಕ್ಕಳಲ್ಲಿ ಇನ್ನೂ ಹೆಚ್ಚು. ಮೂಳೆ ಕತ್ತರಿಸಿ, ತಿರುಗಿಸಿ, ಪ್ಲೇಟು ಹಾಕಿ ಕೂರಿಸುತ್ತಾರೆ. ಆಮೇಲೆ ಅನೇಕ ಮಕ್ಕಳಿಗೆ ಎದೆಯ ಕೆಳಗಿನಿಂದ ಕಾಲಿನವರೆಗೆ, ಕಾಲು ಅಗಲಿಸಿ, ಸ್ಪೈಕಾ ಅನ್ನೋ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ ಆರು ವಾರ. ಬಸ್ಸಿನ ಸೀಟಿಗೆ ಆ ಕೂಸು ಹಿಡಿಸೋಲ್ಲ. ಮಲಗಿಸಿಕೊಂಡು ಬರೋಕೆ ವ್ಯಾನು ಮೊದಲೇ ಗೊತ್ತು ಮಾಡಿಕೊಳ್ಳಿ.

ಇನ್ನು ನೋವು. ಅತ್ತರೆ ಹಠ ಅಂತಾರೆ, ಸುಮ್ಮನಿದ್ದರೆ ನೋವಿಲ್ಲ ಅಂತಾರೆ. "ಅದ್ಕೇನ್ ಗೊತ್ತಾಯ್ತದೆ ಬುಡವ್ವ" ಅಂದವರೂ ಉಂಟು. ಗೊತ್ತಾಗುತ್ತೆ. ಹೇಳೋಕೆ ಬರೋದಿಲ್ಲ, ಅಷ್ಟೆ.

ನೋವನ್ನು ಹೇಳಲಾಗದ ಮಕ್ಕಳಿಗಾಗಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 1997ರಲ್ಲಿ ಫ್ಲಾಕ್ ಅನ್ನೋ ಅಳತೆ ಪ್ರಕಟಿಸಿದರು. ಮುಖ, ಕಾಲು, ಮೈಯ ಅಲುಗಾಟ, ಅಳು, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾ ಅನ್ನೋದು. ಈ ಐದಕ್ಕೂ 0ಯಿಂದ 2ರವರೆಗೆ ಅಂಕ, ಒಟ್ಟು 10. ತೊಡಕೇನು ಅಂದ್ರೆ, ನಮ್ಮ ಮಕ್ಕಳ ಕಾಲು ನೋವಿಲ್ಲದಾಗಲೂ ಬಿಗಿಯೇ. ಅದಕ್ಕೇ 2006ರಲ್ಲಿ ತಿದ್ದಿದ ಅಳತೆಯಲ್ಲಿ, ಆಯಾ ಮಗುವಿನ ನೋವಿನ ಗುರುತುಗಳನ್ನು ಹೆತ್ತವರಿಂದಲೇ ಕೇಳಿ ಸೇರಿಸಿಕೊಳ್ಳುತ್ತಾರೆ.

ನನ್ನ ಮಗಳು ನೋವಾದರೆ ಅಳೋದಿಲ್ಲ. ಉಸಿರು ಬಿಗಿ ಹಿಡೀತಾಳೆ, ಕೆಳತುಟಿ ಕಚ್ತಾಳೆ, ರಾಗಿ ಗಂಜಿಯನ್ನ ನುಂಗದೆ ಬಾಯಲ್ಲೇ ಇಟ್ಕೋತಾಳೆ. ಆಪರೇಷನ್ನಿಗೆ ಮೊದಲೇ ಇದನ್ನೆಲ್ಲ ಒಂದು ಹಾಳೇಲಿ ಬರೆದು ವಾರ್ಡಿನ ಸಿಸ್ಟರ್‌ಗೆ ಕೊಟ್ಟೆ. ಇನ್ನೊಂದು ಪ್ರತಿ ಮನೇಲಿ ಮಂಚದ ಪಕ್ಕದ ಗೋಡೆಗೆ ಅಂಟಿಸಿದೆ. ಅರ್ಧ ರಾತ್ರಿ ನಮ್ಮತ್ತೆ ನೋಡ್ಕೋತಿದ್ರು, ಅವರಿಗೂ ತಿಳೀಬೇಕಲ್ಲ. ಪ್ರತಿ ಸಲ ಅಂಕ ಬರೆದಿಟ್ಟೆವು. ಫೋನಲ್ಲಿ "ಯಾಕೋ ಒಂಥರಾ ಇದಾಳೆ ಸಾರ್" ಅನ್ನೋದಕ್ಕಿಂತ "ನಿನ್ನೆ 3 ಇತ್ತು, ಇವತ್ತು 7" ಅಂದ್ರೆ ಡಾಕ್ಟ್ರು ಬೇಗ ಕೇಳಿಸಿಕೊಳ್ತಾರೆ.

ಇಳಿದ ಅಂಕ ಮತ್ತೆ ಏರಿದರೆ ಕಾರಣ ಹುಡುಕಬೇಕು. ಮಲಬದ್ಧತೆ ಇರಬಹುದು, ಮಲಗೇ ಇರೋದು, ನೋವಿನ ಕೆಲವು ಔಷಧಿ, ಎರಡರಿಂದಲೂ ಆಗುತ್ತೆ. ಕಾಲಿನ ಸೆಟೆತ ಇರಬಹುದು, ಅದಕ್ಕೆ ಬೇರೆ ಔಷಧಿ. ಪ್ಲಾಸ್ಟರಿನೊಳಗೆ ಒತ್ತುಹುಣ್ಣು ಎದ್ದಿರಬಹುದು. ಕೆಟ್ಟ ವಾಸನೆ ಬಂದರೆ ಅನುಮಾನ ಪಡಿ. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು ಇದಕ್ಕೇ. ಕೆರೆಯೋಕೆ ಅಂತ ಪೊರಕೆ ಕಡ್ಡಿ ಒಳಗೆ ತೂರಿಸಬೇಡಿ. ಕಾಲ್ಬೆರಳ ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಲ್ಲಿ ಕೆಂಪು ಮರಳಬೇಕು. ಬೆರಳು ನೀಲಿಯಾಗಿ, ತಣ್ಣಗಾಗಿ, ಊದಿಕೊಂಡಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಹೊರಡಿ. ಫಿಟ್ಸ್ ಮಾತ್ರೆ ತಗೊಳ್ಳೋ ಮಕ್ಕಳಿಗೆ ಈ ಗಡಿಬಿಡೀಲಿ ಅದು ಒಂದು ಹೊತ್ತೂ ತಪ್ಪಬಾರದು.

ದುಡ್ಡಿನ ಒಂದು ಮಾತು: ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಇದೆ, ವರ್ಷಕ್ಕೆ 1 ಲಕ್ಷದವರೆಗೆ. ಅದರಲ್ಲಿ ಥೆರಪಿ, ಓಡಾಟದ ಖರ್ಚಿಗೂ ಒಂದು ಪಾಲು ಇದೆ. ಆಪರೇಷನ್ನಿಗೆ ಮುಂಚೆಯೇ ಮಾಡಿಸಿ.

ಪ್ಲಾಸ್ಟರ್ ಬಿಚ್ಚಿದ ತಕ್ಷಣ ಮುಗೀತು ಅಂತ ಎಲ್ಲರಿಗೂ ಅನ್ಸುತ್ತೆ. ಆದರೆ ಅಷ್ಟು ದಿನ ಅಲುಗಾಡದ ಮೂಳೆ ಸವೆದಿರುತ್ತದೆ. ಲಂಗ ಹಾಕುವಾಗ ಕಾಲು ತಿರುಚಿದರೂ ಮುರಿಯಬಹುದು. ಎತ್ತುವಾಗ ಇಬ್ಬರಿರಿ, ಮಂಡಿಯನ್ನ ಬಲವಂತವಾಗಿ ಮಡಚಬೇಡಿ, ಫಿಸಿಯೋಥೆರಪಿಯವರು ತೋರಿಸಿದಷ್ಟೇ ಮಾಡಿ. ಗೋಡೆಯ ಹಾಳೆಯನ್ನೂ ಆಗಲೇ ಕೀಳಬೇಡಿ. 2ಕ್ಕೆ ಇಳಿದಿದ್ದ ನನ್ನ ಮಗಳ ಅಂಕ ಆ ವಾರ ಮತ್ತೆ 6ಕ್ಕೆ ಹೋಗಿತ್ತು.