ಓಂಪುಡಿ ಅಚ್ಚು ಕಲಿಸಿದ ಏರ್‌ಬ್ರಷ್ ಪಾಠ

ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ಬರೆದವನು ನಾನು. ಹತ್ತು ಪೈಸೆ ಲೆಕ್ಕ ತಾಳೆಯಾಗದಿದ್ದರೆ ರಾತ್ರಿ ಒಂಬತ್ತಾದರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅಂಥವನು ಹೋದ ವರ್ಷ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಲೆಕ್ಕ ತಪ್ಪಿ, ಮೊಮ್ಮಗನ ಎರಡು ತಿಂಗಳ ಶ್ರಮವನ್ನು ಒಂದೇ ಸಂಜೆಯಲ್ಲಿ ಹಾಳುಮಾಡಿದೆ. ನಿಮ್ಮ ಮನೆಯಲ್ಲೂ ಮಾದರಿ ವಿಮಾನ, ರೈಲು, ಬೊಂಬೆಗಳಿಗೆ ಬಣ್ಣ ಹಚ್ಚುವ ಮಕ್ಕಳಿದ್ದರೆ ಈ ಕತೆ ಉಪಯೋಗಕ್ಕೆ ಬಂದೀತು.

ಮೊಮ್ಮಗ ಎಂಟನೇ ತರಗತಿ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ‘ಮಾರುತ್’ ವಿಮಾನ ನೋಡಿ ಬಂದವನು ಅದನ್ನೇ ಮರದಲ್ಲಿ ಕೆತ್ತಲು ಕೂತ. 1961ರಲ್ಲಿ ಬೆಂಗಳೂರಿನಲ್ಲೇ ಮೊದಲ ಬಾರಿ ಹಾರಿದ ಈ ಜೆಟ್ ಯುದ್ಧವಿಮಾನದ ಉದ್ದ 15.87 ಮೀಟರ್. ಅದನ್ನು 72ರಿಂದ ಭಾಗಿಸಿದರೆ 22 ಸೆಂಟಿಮೀಟರ್. ಮಕ್ಕಳೇ, ಈ 72ರ ಲೆಕ್ಕ ನೆನಪಿಡಿ. ಮಾದರಿಯ ಮೇಲೆ ಒಂದು ಮಿಲಿಮೀಟರ್ ದಪ್ಪದ ಗೆರೆ ಎಳೆದರೆ, ನಿಜವಾದ ವಿಮಾನದಲ್ಲಿ ಅದು 7.2 ಸೆಂಟಿಮೀಟರ್ ಪಟ್ಟಿಯಾಗುತ್ತದೆ. ಆದ್ದರಿಂದಲೇ ಇಂಥ ಕೆಲಸಕ್ಕೆ ಸಾಮಾನ್ಯ ಕುಂಚ ಸಾಲದು, ಏರ್‌ಬ್ರಷ್ ಬೇಕು ಎಂದ ಹುಡುಗ.

ಏರ್‌ಬ್ರಷ್ ಅಂದರೆ ಪೆನ್ನಿನ ಹಾಗೆ ಹಿಡಿದು ಗಾಳಿಯಿಂದ ಬಣ್ಣ ಊದುವ ಸಾಧನ. ಉಪಾಯವೇನೋ ಬಹಳ ಹಳೆಯದು. ಗುಹೆಗಳಲ್ಲಿ ವಾಸಿಸುತ್ತಿದ್ದವರು ಗೋಡೆಗೆ ಅಂಗೈ ಒತ್ತಿ, ಸುತ್ತಲೂ ಬಣ್ಣ ಊದಿ ಕೈಯ ಅಚ್ಚು ಮೂಡಿಸುತ್ತಿದ್ದರು. ಈಗಿನ ಸಾಧನದ ಮೊದಲ ರೂಪವನ್ನು 1870ರ ದಶಕದಲ್ಲಿ ಅಮೆರಿಕದ ಆಬ್ನರ್ ಪೀಲರ್ ತಯಾರಿಸಿದ. ಕಂಪ್ಯೂಟರ್ ಬರುವ ಮೊದಲು ಫೋಟೊಗಳನ್ನು ತಿದ್ದಿ ಚೆಂದ ಮಾಡಲು ಇದನ್ನೇ ಬಳಸುತ್ತಿದ್ದರು.

ಇದರ ತುದಿಯಲ್ಲಿ ನಾಜಲ್ ಎಂಬ ಸಣ್ಣ ಬಾಯಿ ಇದೆ. ಅದರೊಳಗೆ ಬಿರಡೆಯಂತೆ ಕೂತಿರುವುದು ಒಂದು ಉದ್ದನೆಯ ಸೂಜಿ. ಗುಂಡಿ ಒತ್ತಿದರೆ ಗಾಳಿ ಬರುತ್ತದೆ. ಹಿಂದಕ್ಕೆ ಎಳೆದರೆ ಸೂಜಿ ಸರಿದು ಬಣ್ಣ ಬರುತ್ತದೆ. ಇದಕ್ಕೆ ಡಬಲ್ ಆಕ್ಷನ್ ಎನ್ನುತ್ತಾರೆ. ಗಾಳಿಗೂ ಬಣ್ಣಕ್ಕೂ ಬೇರೆ ಬೇರೆ ಹಿಡಿತ ಇರುವುದರಿಂದ ಸೂಕ್ಷ್ಮ ಕೆಲಸಕ್ಕೆ ಇದೇ ಸರಿ. ಬಣ್ಣದ ಬಟ್ಟಲು ಮೇಲೆ ಇರುವಂಥದ್ದನ್ನೇ ಕೊಳ್ಳಿ. ಬಣ್ಣ ತಾನಾಗಿಯೇ ಕೆಳಗಿಳಿಯುವುದರಿಂದ ಕಡಿಮೆ ಗಾಳಿ ಸಾಕು, ನಾಲ್ಕು ಹನಿ ಬಣ್ಣದಲ್ಲೂ ಕೆಲಸವಾಗುತ್ತದೆ.

ಇಷ್ಟರವರೆಗೆ ನಾನೂ ಸರಿಯಾಗಿಯೇ ಇದ್ದೆ. ನಾಜಲ್ ಆರಿಸುವಾಗ ಎಡವಿದೆ. ಹುಡುಗ 0.3 ಮಿಲಿಮೀಟರ್ ಸಾಕು ಅಂದ. “ಸಣ್ಣ ಗೆರೆಗೆ ಸಣ್ಣ ತೂತು ಅಲ್ಲವೇನೋ? 0.2 ತಗೋ. ದುಡ್ಡು ಕೊಡುವವನು ನಾನು” ಎಂದು ಬಾಯಿ ಮುಚ್ಚಿಸಿದೆ.

ಶಾಲೆಯ ವಸ್ತುಪ್ರದರ್ಶನದ ಹಿಂದಿನ ಸಂಜೆ ಬಣ್ಣ ಹಾಕಲು ಕೂತೆವು. ಎರಡು ನಿಮಿಷ ಚೆನ್ನಾಗಿ ಬಂತು. ಆಮೇಲೆ ನಿಂತಿತು. ನಾನು ಗಾಳಿಯ ಒತ್ತಡ ಏರಿಸಿದೆ, 20 ಪಿಎಸ್‌ಐ ಇದ್ದದ್ದು 40ಕ್ಕೆ. ತುದಿಯಲ್ಲಿ ಒಣಗಿ ಕಟ್ಟಿಕೊಂಡಿದ್ದ ಬಣ್ಣ ಫಟ್ಟನೆ ಸಿಡಿಯಿತು. ಮಾರುತ್‌ನ ರೆಕ್ಕೆ, ಮೂತಿ, ಬಾಲ ಎಲ್ಲ ಕಡೆ ಹಸಿರು ಚುಕ್ಕೆ.

ಹುಡುಗ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ರಾತ್ರಿ ಹನ್ನೊಂದರವರೆಗೆ ಕುಂಚದಲ್ಲಿ ಚುಕ್ಕೆ ಮುಚ್ಚುತ್ತ ಕೂತಿದ್ದ. ಪಕ್ಕದಲ್ಲಿ ಕೂತು, “ತಪ್ಪು ನನ್ನದು ಮಗಾ, ನಿನ್ನ ಮಾತು ಕೇಳಬೇಕಿತ್ತು” ಅಂದೆ. ಮೊಮ್ಮಕ್ಕಳ ಹತ್ತಿರ ತಪ್ಪು ಒಪ್ಪಿಕೊಳ್ಳುವುದು ಎಪ್ಪತ್ತು ದಾಟಿದ ಮೇಲೆ ಸುಲಭವಲ್ಲ. ಆದರೂ ಒಪ್ಪಿಕೊಳ್ಳಬೇಕು.

ಮುಂದಿನ ಭಾನುವಾರ ನನ್ನ ಹೆಂಡತಿ ಓಂಪುಡಿ ಮಾಡುತ್ತಿದ್ದಳು. ಓಮ ನೆನೆಸಿ, ರುಬ್ಬಿ, ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದಳು. ಅಷ್ಟೆಲ್ಲ ಯಾಕೆ ಎಂದೆ. “ಹಾಗೇ ಹಾಕಿದರೆ ಅಚ್ಚಿನ ತೂತು ಕಟ್ಟಿಕೊಳ್ಳುತ್ತೆ ರೀ. ಆಮೇಲೆ ಎಷ್ಟು ಒತ್ತಿದರೂ ಬರಲ್ಲ. ಚಕ್ಕುಲಿ ಅಚ್ಚಾದರೆ ಪರವಾಗಿಲ್ಲ” ಅಂದಳು. ಮೊಮ್ಮಗನೂ ನಾನೂ ಮುಖ ಮುಖ ನೋಡಿಕೊಂಡೆವು. ನಮ್ಮ ಗಣಿತ ಅಡುಗೆಮನೆಯಲ್ಲೇ ಇತ್ತು!

ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿ. ತೂತಿನ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಎರಡರ ವರ್ಗ 4, ಮೂರರ ವರ್ಗ 9. ಅಂದರೆ 0.3ರ ಬಾಯಿ 0.2ರದಕ್ಕಿಂತ ಎರಡೂಕಾಲು ಪಟ್ಟು ದೊಡ್ಡದು. ಅಕ್ರಿಲಿಕ್ ಬಣ್ಣದಲ್ಲಿ ನುಣ್ಣಗೆ ಅರೆದ ಕಣಗಳಿರುತ್ತವೆ; ಬೇಗ ಒಣಗುವ ಅಂಟೂ ಇರುತ್ತದೆ. ಅದಕ್ಕೆ ದಾರಿ ಬೇಕಲ್ಲ?

ಈಗ ನಮ್ಮ ಮನೆಯ ಪಟ್ಟಿ ಹೀಗಿದೆ. ಶಾಯಿ ಅಥವಾ ತೀರ ತೆಳುವಾದ ಬಣ್ಣದಲ್ಲಿ ಕಣ್ಣು, ಹುಬ್ಬು, ಕೂದಲೆಳೆಯ ಗೆರೆ ಬರೆಯಲು 0.2, ಅದೂ ಕೈ ಪಳಗಿದ ಮೇಲೆ. ಮಾದರಿಗಳ ಬಹುಪಾಲು ಕೆಲಸಕ್ಕೆ, ಹೊಸಬರಿಗೆ 0.3. ಮೊದಲ ಲೇಪ, ಬೆಳ್ಳಿ-ಚಿನ್ನದ ಹೊಳಪಿನ ಬಣ್ಣ, ಗೌರಿ-ಗಣೇಶನ ಮೈಯಂಥ ಅಗಲ ಜಾಗಕ್ಕೆ 0.5. ಸೂಜಿ ಮತ್ತು ನಾಜಲ್ ಜೋಡಿಯಾಗಿಯೇ ಬದಲಾಗಬೇಕು. ಒಂದೇ ಏರ್‌ಬ್ರಷ್‌ಗೆ ಬೇರೆ ಅಳತೆಯ ಜೋಡಿ ಕೂರುತ್ತದೆಯೇ, ಬಿಡಿಭಾಗ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ಇನ್ನೊಂದು ಗುಟ್ಟು. ಗೆರೆ ಸಣ್ಣದಾಗುವುದು ತೂತಿನಿಂದ ಮಾತ್ರವಲ್ಲ. ಬಣ್ಣ ಹಾಲಿನಷ್ಟು ತೆಳುವಾಗಿರಬೇಕು, ಸೋಸಿರಬೇಕು. ಒತ್ತಡ 15ರಿಂದ 20 ಪಿಎಸ್‌ಐ ಸಾಕು. ಸ್ಕೂಟರಿನ ಹಿಂದಿನ ಚಕ್ರಕ್ಕೂ ಇದಕ್ಕಿಂತ ಹೆಚ್ಚು ಹಾಕುತ್ತೇವೆ. ತುದಿಯನ್ನು ಹತ್ತಿರ ತಂದು, ಗುಂಡಿಯನ್ನು ಕೂದಲೆಳೆಯಷ್ಟೇ ಎಳೆಯಬೇಕು. ಮೊದಲು ಗಾಳಿ, ಆಮೇಲೆ ಬಣ್ಣ. ನಿಲ್ಲಿಸುವಾಗ ಮೊದಲು ಬಣ್ಣ, ಆಮೇಲೆ ಗಾಳಿ. ಹಳೆಯ ಕಾಗದದ ಮೇಲೆ ದಿನಾ ಚುಕ್ಕೆ, ಗೆರೆ ಅಭ್ಯಾಸ ಮಾಡಿ. ನನ್ನ ಕೈ ಈಗ ಸ್ವಲ್ಪ ನಡುಗುತ್ತದೆ. ಮೊಣಕೈ ಮೇಜಿನ ಮೇಲೂರಿ, ಎಡಗೈಯಿಂದ ಬಲ ಮಣಿಕಟ್ಟು ಹಿಡಿದರೆ ಗೆರೆ ನೆಟ್ಟಗೆ ಬರುತ್ತದೆ.

ಎಚ್ಚರಿಕೆಯ ಮಾತು: ಬಣ್ಣ ನೀರಿನದೇ ಆದರೂ ಅದರ ಮಂಜು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕಿಟಕಿ ತೆರೆದು, ಒಳ್ಳೆಯ ಮಾಸ್ಕ್ ಹಾಕಿ ಕೂರಿ. ಸೂಜಿಯ ಮೊನೆ ಚೂಪು. ದೊಡ್ಡವರು ಜತೆಗಿದ್ದಾಗಲೇ ಬಿಚ್ಚಿ. ನಾಜಲ್ ಸಾಸಿವೆ ಕಾಳಿನಂಥದ್ದು, ಬಿಗಿಯಾಗಿ ತಿರುಗಿಸಿದರೆ ಸೀಳುತ್ತದೆ. ಕೆಲಸ ಮುಗಿದ ಕೂಡಲೇ ತೊಳೆಯಿರಿ. ಎಂಜಲು ತಟ್ಟೆ ಒಣಗಿದ ಮೇಲೆ ಉಜ್ಜುವ ಕಷ್ಟ ಅಜ್ಜಿಯನ್ನು ಕೇಳಿ.

ನಮ್ಮ ಏರ್‌ಬ್ರಷ್‌ಗೆ 0.3ರ ಜೋಡಿ ತಂದೆವು. ಮಾರುತ್‌ನ ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು ಹುಡುಗ ಮತ್ತೆ ಬಣ್ಣ ಹಾಕಿದ. ಈಗ ಅದು ಶೋಕೇಸಿನಲ್ಲಿದೆ. ರೆಕ್ಕೆಯ ಅಡಿಯಲ್ಲಿ ಮಾತ್ರ ಒಂದು ಹಸಿರು ಚುಕ್ಕೆ ಉಳಿಸಿದ್ದಾನೆ. ಯಾಕೋ ಎಂದರೆ, “ಅದು ತಾತನ ಸಹಿ” ಎನ್ನುತ್ತಾನೆ.