ಅರ್ಡ್‌ಬೆಗ್ ವೀ ಬೀಸ್ಟಿ

ಅರ್ಡ್‌ಬೆಗ್ ವೀ ಬೀಸ್ಟಿ ಎಂಬುದು ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆಯ ಐಲಾ ದ್ವೀಪದಲ್ಲಿ ತಯಾರಾಗುವ, ಐದು ವರ್ಷ ಮಾಗಿದ, ಹೊಗೆಯ ವಾಸನೆ ದಟ್ಟವಾಗಿರುವ ಸಿಂಗಲ್ ಮಾಲ್ಟ್ ವಿಸ್ಕಿ. 1815ರಲ್ಲಿ ಸ್ಥಾಪಿತವಾದ ಅರ್ಡ್‌ಬೆಗ್ ಭಟ್ಟಿಯು ಇದನ್ನು 2020ರಲ್ಲಿ ಮಾರುಕಟ್ಟೆಗೆ ತಂದಿತು. ಇದರಲ್ಲಿ ಆಲ್ಕೋಹಾಲ್ ಪ್ರಮಾಣ ಶೇ. 47.4. ಸ್ಕಾಟ್ಸ್ ನುಡಿಯ ಈ ಹೆಸರಿಗೆ ‘ಪುಟ್ಟ ಮೃಗ’ ಎಂಬ ಅರ್ಥವಿದೆ. ಅದೇ ಭಟ್ಟಿಯ ಹತ್ತು ವರ್ಷದ ವಿಸ್ಕಿಗಿಂತ ಇದರ ಬೆಲೆ ಸಾಮಾನ್ಯವಾಗಿ ಕಡಿಮೆ. (ದ್ವೀಪದ ಹೆಸರನ್ನು ಇಂಗ್ಲಿಷ್ ಕಾಗುಣಿತ ನೋಡಿ ‘ಇಸ್ಲೇ’ ಎಂದು ಬರೆಯುವುದುಂಟು, ಸ್ಥಳೀಯ ಉಚ್ಚಾರಣೆ ‘ಐಲಾ’.)

ಹೊಗೆಯ ಮೂಲ

ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಗಟ್ಟಿಯಾದ ಸಸ್ಯಾವಶೇಷವೇ ಪೀಟ್. ಮರಗಳು ವಿರಳವಾದ ಐಲಾದಲ್ಲಿ ಅದು ಹಿಂದಿನಿಂದಲೂ ಉರುವಲು. ಮೊಳಕೆಯೊಡೆದ ಬಾರ್ಲಿಯನ್ನು ಪೀಟ್ ಹೊಗೆಯಲ್ಲಿ ಒಣಗಿಸಿದಾಗ, ಕಾಳು ಇನ್ನೂ ತೇವವಾಗಿರುವಂತೆಯೇ ಫೀನಾಲ್ ಸಂಯುಕ್ತಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಇವುಗಳಲ್ಲಿ ಗ್ವಾಯಕಾಲ್ ಸೌದೆ ಹೊಗೆಯ ವಾಸನೆಯನ್ನೂ ಕ್ರೆಸಾಲ್‌ಗಳು ಫಿನಾಯಿಲಿನಂಥ ವಾಸನೆಯನ್ನೂ ಕೊಡುತ್ತವೆ. ಮೊದಲ ಬಾರಿ ಮೂಸಿದವರಿಗೆ ಆಸ್ಪತ್ರೆಯ ನೆನಪಾಗುವುದು ಇದರಿಂದಲೇ. ಅರ್ಡ್‌ಬೆಗ್ ಬಳಸುವ ಬಾರ್ಲಿಯಲ್ಲಿ ಫೀನಾಲ್ ಅಂಶ ದಶಲಕ್ಷಕ್ಕೆ ಸುಮಾರು 50 ಭಾಗ. ಈ ಅಂಕಿ ಕಾಳಿಗೆ ಸಂಬಂಧಿಸಿದ್ದೇ ಹೊರತು ಸೀಸೆಯೊಳಗಿನ ದ್ರವಕ್ಕಲ್ಲ. ತಯಾರಿಕೆಯ ಹಂತಗಳಲ್ಲಿ ಅದರ ಬಹುಭಾಗ ಕಳೆದುಹೋಗುತ್ತದೆ.

ವಯಸ್ಸಿನ ಪ್ರಶ್ನೆ

ಸ್ಕಾಚ್ ವಿಸ್ಕಿ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಇರಬೇಕೆಂಬುದು ಕಾನೂನು. ಸೀಸೆಯ ಮೇಲಿನ ಸಂಖ್ಯೆ, ಅದರಲ್ಲಿ ಬೆರೆತಿರುವ ಅತಿ ಎಳೆಯ ವಿಸ್ಕಿಯ ವಯಸ್ಸು. ಸಂಖ್ಯೆ ದೊಡ್ಡದಾದಷ್ಟೂ ಗುಣ ಹೆಚ್ಚು ಎಂಬ ನಂಬಿಕೆ ವ್ಯಾಪಕವಾಗಿದೆ. ಹೊಗೆಯ ವಿಸ್ಕಿಯ ಮಟ್ಟಿಗೆ ಅದು ಪೂರ್ತಿ ಸರಿಯಲ್ಲ. ವರ್ಷ ಕಳೆದಂತೆ ಹೊಗೆಯ ತೀಕ್ಷ್ಣತೆ ತಗ್ಗಿ ಮರದ ಗುಣ ಮೇಲುಗೈ ಪಡೆಯುತ್ತದೆ. ಹೊಗೆಯನ್ನೇ ಬಯಸುವವರಿಗೆ ಎಳೆಯ ವಿಸ್ಕಿ ಅಗ್ಗದ ಬದಲಿಯಲ್ಲ, ಬೇರೆಯೇ ಪಾನೀಯ. ಹವೆಯ ಪಾತ್ರವೂ ಇದರಲ್ಲಿದೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಅದರ ಹಲವು ಪಟ್ಟು. ಆದುದರಿಂದಲೇ 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್‌ನ ಮಾಗುವಿಕೆಯನ್ನು ಸ್ಕಾಟಿಷ್ ವರ್ಷಗಳಿಂದ ಅಳೆಯಲಾಗದು.

ರುಚಿ ನೋಡುವ ಕ್ರಮ

ಬಾಯಿ ಕಿರಿದಾದ, ತಳ ಉಬ್ಬಿದ ಗಾಜಿನ ಲೋಟ ಸೂಕ್ತ. ಮೂಗನ್ನು ಒಳಕ್ಕೆ ಇಳಿಸದೆ, ತುಸು ದೂರದಿಂದ, ಬಾಯಿ ಅರೆತೆರೆದು ಮೂಸಬೇಕು. ಇಲ್ಲವಾದರೆ ಆಲ್ಕೋಹಾಲಿನ ಘಾಟೇ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಮೊದಲು ಕರಿಮೆಣಸು, ಪೈನ್ ಮರದ ಅಂಟು, ಡಾಂಬರು. ಹೊಗೆಗೆ ಮೂಗು ಒಗ್ಗಿದ ಬಳಿಕ ಬರ್ಬನ್ ಪೀಪಾಯಿಯ ವೆನಿಲಾ, ಶೆರಿ ಪೀಪಾಯಿಯ ಸಿಹಿ ಗೋಚರಿಸುತ್ತವೆ. ಮೊದಲ ಗುಟುಕು ನಾಲಿಗೆಯನ್ನು ಹದಗೊಳಿಸುವುದಕ್ಕೆ ಮಾತ್ರ. ಅಭಿಪ್ರಾಯವನ್ನು ಎರಡನೆಯದಕ್ಕೆ ಕಾಯ್ದಿರಿಸುವುದು ನ್ಯಾಯ.

ನಂತರ ಕೆಲವು ಹನಿ ನೀರು ಬೆರೆಸಬಹುದು. ನೀರು ಸೇರಿಸಿದರೆ ವಿಸ್ಕಿ ಕೆಡುತ್ತದೆಂಬ ಮಾತಿಗೆ ಆಧಾರವಿಲ್ಲ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಸಂಶೋಧಕರು ಕಂಪ್ಯೂಟರ್ ಅನುಕರಣೆಯ ಮೂಲಕ ಇದನ್ನು ಪರಿಶೀಲಿಸಿದರು. ಆಲ್ಕೋಹಾಲ್ ಶೇ. 45ರವರೆಗಿನ ಮಿಶ್ರಣದಲ್ಲಿ ಗ್ವಾಯಕಾಲ್ ಅಣುಗಳು ದ್ರವದ ಮೇಲ್ಮೈಯಲ್ಲಿ ಸೇರುತ್ತವೆ, ಶೇ. 59ಕ್ಕಿಂತ ಹೆಚ್ಚಾದರೆ ಒಳಗೆ ಸರಿಯುತ್ತವೆ ಎಂದು ಅವರು ಕಂಡುಕೊಂಡರು. ನೀರು ಬೆರೆತಾಗ ದ್ರವ ಕೊಂಚ ಮಬ್ಬಾದರೆ ಅದು ಕಲಬೆರಕೆಯ ಲಕ್ಷಣವಲ್ಲ. ಶೀತಲ ಶೋಧನೆಗೆ ಒಳಪಡಿಸದ ವಿಸ್ಕಿಯಲ್ಲಿ ಉಳಿದ ಕೊಬ್ಬಿನಾಮ್ಲದ ಎಸ್ಟರ್‌ಗಳು ಹಾಗೆ ಕಾಣಿಸಿಕೊಳ್ಳುತ್ತವೆ.